ಗಾಳಿಗೆ ಸಿಕ್ಕಿಸಿದ ವೈರು

ನಮ್ಮೂರಿನ ಹೊಸ ಬಸ್ಸಿನೊಳಗೆ ಹಳೆಯ ಬಸ್ಸಿದೆ. ಹೊಸ ಡ್ರೈವರನ ಬೆನ್ನ ಹಿಂದೆ ಹಳೆಯ ಸೀಟು, ಹಳೆಯ ಸ್ಟೀರಿಂಗು, ರಬ್ಬರಿನ ಹಾರನ್ನು ಎಲ್ಲವನ್ನೂ ಇದ್ದ ಹಾಗೆಯೇ ಕೂರಿಸಿದ್ದಾರೆ. ಅಲ್ಲಿ ಹಳೆಯ ಡ್ರೈವರು ಬಾಬಾಜಾನ್ ಸಾಹೇಬರು ಕುಳಿತು ಬಸ್ಸು ಓಡಿಸುತ್ತಾರೆ. ಮೊದಮೊದಲು ಹೊಸ ಡ್ರೈವರು ಕನ್ನಡಿಯಲ್ಲಿ ಅವರ ಕೈ ನೋಡಿಕೊಂಡು, ಅವರು ಎಡಕ್ಕೆ ತಿರುಗಿಸಿದರೆ ತಾನೂ ಎಡಕ್ಕೆ ತಿರುಗಿಸುತ್ತಿದ್ದ. ಕೆಲವು ವರ್ಷಗಳಿಂದ ಆ ಕನ್ನಡಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡಿದ್ದಾನೆ. ಸಾಹೇಬರಿಗೆ ಇದು ಗೊತ್ತಿಲ್ಲ. ಕೆರೆಯ ತಿರುವು ಬಂದಾಗ ಈಗಲೂ ಹಾರನ್ನು ಒತ್ತಿ, ಸ್ಟೀರಿಂಗನ್ನು ಪೂರ್ತಿ ಎಳೆಯುತ್ತಾರೆ. ಬಸ್ಸು ತಿರುಗುತ್ತದೆ. ಇಳಿಯುವವರು "ಚೆನ್ನಾಗಿ ಓಡಿಸಿದ್ರಿ ಸಾಹೇಬ್ರೆ" ಎಂದು ಹೇಳಿಯೇ ಇಳಿಯುತ್ತಾರೆ. ನಾನೂ ಹೇಳುತ್ತೇನೆ.

ನಮ್ಮೂರಿಗೆ ಹೊಸದು ಬರುವುದಾದರೆ ಹಳೆಯದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರಬೇಕು. ಹೊಸ ಹೋಟೆಲಿನ ನಡುವೆ ಹಳೆಯ ಹೋಟೆಲು ಇದೆ, ಅದರಲ್ಲಿ ಹಳೆಯ ಭಟ್ಟರು ಹಳೆಯ ಸಾಂಬಾರು ಕುದಿಸುತ್ತಾರೆ. ಹೊಸ ಮೇಡಮ್ಮು ಪಾಠ ಮಾಡುತ್ತಿರುವಾಗ ಹಿಂದಿನ ಮೂಲೆಯಲ್ಲಿ ಹಳೆಯ ಮೇಷ್ಟ್ರು ಅದೇ ಮಗ್ಗಿಯನ್ನು ಹೇಳಿಕೊಡುತ್ತಿರುತ್ತಾರೆ. ಹಳೆಯದನ್ನು ನಿಲ್ಲಿಸುವ ಹಾಗಿಲ್ಲ. ಇಬ್ಬರು ಹಳಬರ ನಡುವೆ ಪಂಕ್ತಿಭೇದವೂ ಕೂಡದು. ಒಬ್ಬರ ಎಲೆಗೆ ಬಡಿಸಿದ್ದು ಇನ್ನೊಬ್ಬರ ಎಲೆಗೂ ಬೀಳಲೇಬೇಕು. ಹಾಗಾದರೆ ಉಪಯೋಗಕ್ಕೆ ಬಾರದ ಹಳೆಯದನ್ನು ಏನು ಮಾಡುವುದು? ಅದಕ್ಕೂ ನಮ್ಮವರು ದಾರಿ ಕಂಡುಕೊಂಡಿದ್ದಾರೆ. ಅದನ್ನು ಗಾಳಿಗೆ ಸಿಕ್ಕಿಸುತ್ತಾರೆ. ಅಂದರೆ ಸ್ಟೀರಿಂಗು ಅವರ ಕೈಯಲ್ಲೇ ಇರುತ್ತದೆ, ಅದರ ಇನ್ನೊಂದು ತುದಿ ಮಾತ್ರ ಎಲ್ಲಿಗೂ ಸೇರಿರುವುದಿಲ್ಲ. ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿರುತ್ತದೆ. ಇದಕ್ಕೆ ನಮ್ಮಲ್ಲಿ ಗೌರವ ಎನ್ನುತ್ತಾರೆ.

ನಾನು ಪುರಸಭೆಯ ಕಂಪ್ಯೂಟರು ನೋಡಿಕೊಳ್ಳುವ ಹೇಮಾವತಿ. ನನ್ನ ಕೋಣೆಯಲ್ಲಿ ಒಂದು ಹೊಸ ಕಂಪ್ಯೂಟರಿದೆ. ಅದರ ಹೊಟ್ಟೆಯಲ್ಲಿ ಎರಡು ಹಳೆಯ ಕಂಪ್ಯೂಟರುಗಳಿವೆ. ಅವುಗಳ ತಗಡು, ತಂತಿ ಎಲ್ಲ ಎಂದೋ ಗುಜರಿಗೆ ಹೋಗಬೇಕಾಗಿತ್ತು, ನಮ್ಮೂರಾದ್ದರಿಂದ ಉಗ್ರಾಣಕ್ಕೆ ಹೋದವು. ಒಳಗೆ ಓಡುತ್ತಿದ್ದ ಹಳೆಯ ಆಪರೇಟಿಂಗ್ ಸಿಸ್ಟಂ ಮಾತ್ರ, ತಾನಿನ್ನೂ ಆ ಹಳೆಯ ಪೆಟ್ಟಿಗೆಯಲ್ಲೇ ಇದ್ದೇನೆ ಎಂದು ನಂಬಿಕೊಂಡು ಹೊಸದರೊಳಗೆ ಓಡುತ್ತಿದೆ. ಪುಸ್ತಕದಲ್ಲಿ ಇದಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಬೇರೆ ಊರುಗಳಲ್ಲಿ ಇದನ್ನು ವಿವರಿಸಲು ಅರ್ಧ ದಿನ ಬೇಕಂತೆ. ನಮ್ಮೂರಿನವರು ಕೇಳಿದ ಕೂಡಲೇ "ಓ, ಸಾಹೇಬ್ರ ಬಸ್ಸು" ಎಂದು ಎದ್ದುಹೋದರು.

ಆ ಎರಡರಲ್ಲಿ ಒಂದು ನೀರಿನದು. ಯಾವ ಬೀದಿಗೆ ಯಾವಾಗ ನೀರು ಬಿಡಬೇಕೆಂಬುದು ಅದರೊಳಗಿದೆ. ಅದನ್ನು ನಡೆಸುವವರು ಮುರಿಗೆಪ್ಪನವರು. ನನ್ನ ಮೇಜಿನ ಎದುರು ಅವರ ಮೇಜು, ಅದರ ಮೇಲೆ ಬೆನ್ನು ಉಬ್ಬಿದ ಅವರ ಹಳೆಯ ಟಿವಿಯಂಥ ಪರದೆ. ಮುರಿಗೆಪ್ಪನವರು ಬೀದಿಯ ಹೆಸರನ್ನು ಒಂದೊಂದೇ ಬೆರಳಿನಲ್ಲಿ ಟೈಪು ಮಾಡಿ ಗುಂಡಿ ಒತ್ತುತ್ತಾರೆ, ಆ ಬೀದಿಯ ವಾಲ್ವು ತೆರೆಯುತ್ತದೆ. ಆಮೇಲೆ ಆ ಬೀದಿಯ ಯಾರಿಗಾದರೂ ಫೋನು ಮಾಡಿ "ಬಂತೇನಮ್ಮಾ?" ಎಂದು ಕೇಳುತ್ತಾರೆ. "ಬಂತು ಸಾರ್" ಎಂಬ ಉತ್ತರ ಬಂದ ಮೇಲೆಯೇ ಒಂದು ಚಿಟಿಕೆ ನಶ್ಯ. ಆ ನಶ್ಯದ ಸೀನಿಗೆ ನನ್ನ ಕಾಗದಗಳು ಹಾರುತ್ತಿದ್ದವು. ನನಗೆ ಅವರನ್ನು ಕಂಡರೆ ಅಷ್ಟೇನೂ ಪ್ರೀತಿ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದು ಹಳೆಯ ಕಂಪ್ಯೂಟರು ಆದೇಶಗಳದು. ಅದು ಪಕ್ಕದ ಕೋಣೆಯಲ್ಲಿ ಕೂರುವ ಹಳೆಯ ಅಧ್ಯಕ್ಷರಾದ ನಂಜುಂಡಾರಾಧ್ಯರಿಗೆ ಸೇರಿದ್ದು. ಅವರು ಚುನಾವಣೆಯಲ್ಲಿ ಸೋತು ಒಂಬತ್ತು ವರ್ಷವಾಯಿತು. ಆದರೂ ದಿನವೂ ಇಸ್ತ್ರಿಯ ಜುಬ್ಬ ತೊಟ್ಟು ಬಂದು ಆದೇಶ ಹೊರಡಿಸುತ್ತಾರೆ. ಅವು ಅಚ್ಚಾಗಬೇಕಾದ ಹಳೆಯ ಪ್ರಿಂಟರಿನ ವೈರಿಗೆ ಹೊಸ ಕಂಪ್ಯೂಟರಿನಲ್ಲಿ ಕಿಂಡಿಯೇ ಇರಲಿಲ್ಲ. ಈಗಿನ ಅಧ್ಯಕ್ಷೆ ಅಂಬುಜಮ್ಮನವರು ಅದನ್ನು ನೋಡಿ, "ಹಂಗೇ ಇರ್ಲಿ ಬಿಡಿ, ಗಾಳಿಗೆ ಸಿಕ್ಸಿ" ಎಂದಿದ್ದರು. ಅಲ್ಲಿಗೆ ಆರಾಧ್ಯರ ಆದೇಶಗಳು ಗಾಳಿಗೆ ಹೋದವು. ಕೆರೆ ಏರಿಯ ಮೇಲೆ ಎಮ್ಮೆ ಮೇಯಿಸಕೂಡದು, ಸಂತೆಯಲ್ಲಿ ಮೀನಿನವರಿಗೆ ಬೇರೆ ಜಾಗ ಕೊಡತಕ್ಕದ್ದು, ಅಂಚೆ ಕಚೇರಿಯ ಎದುರಿನ ಕಲ್ಲುಬೆಂಚನ್ನು ಬೇವಿನ ಮರದ ನೆರಳಿಗೆ ಸರಿಸತಕ್ಕದ್ದು. ಆರಾಧ್ಯರು ಸಂಜೆ ಆ ಬೆಂಚಿನ ಮೇಲೆಯೇ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಿದ್ದರು. "ನಮ್ಮ ಜನ ಕೆಲಸದಲ್ಲಿ ನಿಧಾನ ಕಣಮ್ಮ, ಹೇಳಿದ್ದು ಮಾಡೋಕೆ ಯುಗ ಬೇಕು" ಎಂದು ನನಗೆ ಎಷ್ಟೋ ಸಲ ಹೇಳಿದ್ದುಂಟು. ನಾನು ಹೌದು ಸಾರ್ ಎಂದು ತಲೆಯಾಡಿಸಿದ್ದುಂಟು.

ತೊಂದರೆ ಬಂದದ್ದು ನೀರಿನ ಕಂಪ್ಯೂಟರಿನಲ್ಲಿ. ಅದು ನಿಧಾನವಾಗತೊಡಗಿತು. ಮುರಿಗೆಪ್ಪನವರು ಗುಂಡಿ ಒತ್ತಿದರೆ ಪರದೆಯ ಮೇಲೆ ಮರಳುಗಡಿಯಾರದ ಚಿತ್ರ ಬಂದು ಕೂತುಬಿಡುತ್ತಿತ್ತು. ಮೊದಲು ಅವರು ಕುರ್ಚಿಯಲ್ಲೇ ಕಾಯುತ್ತಿದ್ದರು. ಆಮೇಲೆ ಗುಂಡಿ ಒತ್ತಿ ಟೀ ಕುಡಿದು ಬರತೊಡಗಿದರು. ಕೊನೆಗೆ ಗುಂಡಿ ಒತ್ತಿ, ಮನೆಗೆ ಹೋಗಿ ಸ್ನಾನ ಮಾಡಿ ಬರುವಷ್ಟು ಹೊತ್ತು ಹಿಡಿಯತೊಡಗಿತು. ಊರಿನವರು ಇದಕ್ಕೂ ಹೊಂದಿಕೊಂಡರು. ಮುರಿಗೆಪ್ಪನವರು ಟೀ ಅಂಗಡಿಗೆ ಬಂದರೆಂದರೆ ಗೌಡರ ಬೀದಿಯ ಹೆಂಗಸರು ಕೊಡ ತೊಳೆದುಕೊಳ್ಳುತ್ತಿದ್ದರು. ಅವರು ಸ್ನಾನಕ್ಕೆ ಹೋದರೆಂದರೆ ನೇಕಾರರ ಬೀದಿಯವರು ಹಂಡೆ ಹೊರಗಿಡುತ್ತಿದ್ದರು. ಗೃಹಪ್ರವೇಶದ ಕರೆಯೋಲೆಗಳಲ್ಲಿ ಮುಹೂರ್ತದ ಜಾಗದಲ್ಲಿ "ನೀರು ಬಂದ ಮೇಲೆ" ಎಂದು ಅಚ್ಚು ಹಾಕಿಸಿದವರೂ ಇದ್ದರು.

ಹೊಂದಿಕೊಳ್ಳಲಾಗದವರು ಕೊನೆಯ ಬೀದಿಯವರು. ಸರದಿಯಲ್ಲಿ ಅವರದೇ ಕೊನೆ. ಮಧ್ಯಾಹ್ನ ಪಂಪಿನ ಕರೆಂಟು ಹೋಗುತ್ತದೆ. ಹಳೆಯ ಕಂಪ್ಯೂಟರು ಅವರ ಹೆಸರಿಗೆ ಬರುವಷ್ಟರಲ್ಲಿ ವಾಲ್ವು ತೆರೆದರೂ ನಲ್ಲಿಯಲ್ಲಿ ಬರುತ್ತಿದ್ದುದು ಬರೀ ಬುಸ್ಸೆನ್ನುವ ಗಾಳಿ. ಹೀಗೆ ಮೂರು ಸರದಿ ತಪ್ಪಿದ ಮೇಲೆ ಆ ಬೀದಿಯ ರೇಣಮ್ಮ ಎರಡು ಖಾಲಿ ಕೊಡಗಳನ್ನು ತಂದು ನನ್ನ ಮೇಜಿನ ಮೇಲೆ, ಕಾಗದಗಳ ಮೇಲೆಯೇ ಇಟ್ಟಳು.

"ಏನವ್ವಾ, ನಿಮ್ ಪೆಟ್ಟಿಗೆಗೆ ನಮ್ ಬೀದಿ ಹೆಸ್ರು ಬಾಯಿಗ್ ಬರಾಕಿಲ್ವಾ? ಮನೇಲಿ ಬಾಣಂತಿ ಮಗಳವ್ಳೆ. ಕೂಸಿನ್ ಬಟ್ಟೆ ಒಗೆಯಾಕೆ ಕೆರೆಗ್ ಹೋಗ್ಬೇಕಾ ನಾನು ಈ ವಯಸ್ನಾಗೆ?"

"ನೋಡ್ತಿದೀವಿ ರೇಣಮ್ಮ" ಎಂದೆ.

"ನೋಡಿ ನೋಡಿ. ನೀವು ನೋಡಾದ್ನ ನಾನೂ ನೋಡ್ತಾ ಇವ್ನಿ" ಎಂದು ಅವಳು ಕೊಡಗಳನ್ನು ಅಲ್ಲಿಯೇ ಬಿಟ್ಟುಹೋದಳು.

ಅದೇ ದಿನ ಅಂಬುಜಮ್ಮನವರು ನನ್ನನ್ನು ಕರೆಸಿದರು. ಬಾಗಿಲು ಹಾಕಿಸಿ, ದನಿ ತಗ್ಗಿಸಿ, "ಹೇಮಾವತಿ, ಸೋಮವಾರ ಕೊನೇ ಬೀದಿ ಸರದಿ ಇದೆ. ಈ ಸಲಾನೂ ತಪ್ಪಿದ್ರೆ ಅವರು ನನ್ನ ಮನೆ ಬಾಗಿಲಿಗೇ ಬರ್ತಾರೆ. ನೀರಿನ ವಾಲ್ವುಗಳನ್ನ ಹೊಸ ಕಂಪ್ಯೂಟರಿಗೇ ಸಿಕ್ಸಿಬಿಡಿ. ಮುರಿಗೆಪ್ಪನವರದ್ದನ್ನ ಗಾಳಿಗೆ ಸಿಕ್ಸಿ. ಅವರ ಪಾಡಿಗೆ ಅವರು ಟೈಪ್ ಮಾಡ್ಕೊಂಡಿರ್ಲಿ" ಎಂದರು.

"ಫೋನ್ ಮಾಡಿ ಕೇಳ್ತಾರಲ್ಲ ಮೇಡಂ, ನೀರು ಬಂತಾ ಅಂತ?"

"ಬಂತು ಸಾರ್ ಅಂತ ಹೇಳೋಕೆ ಎಲ್ಲರಿಗೂ ಹೇಳಿಸಿದ್ರಾಯ್ತು. ಹಿರಿಯರ ಮನಸ್ಸು ನೋಯಿಸ್ಬಾರ್ದು ನೋಡಿ."

ನಾನು ಆಗಲಿ ಎಂದು ಹೇಳಿ ಹೊರಗೆ ಬಂದೆ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು. ಕಾಲು ಗಂಟೆಯ ಕೆಲಸ. ಕೋಣೆಗೆ ಬಂದಾಗ ಮುರಿಗೆಪ್ಪನವರು ಫೋನು ಹಿಡಿದು ಕುಳಿತಿದ್ದರು. "ಬಂತೇನಮ್ಮಾ?" ಎಂದು ಕೇಳಿದರು. ಆ ಕಡೆಯಿಂದ ಏನು ಹೇಳಿದರೋ, ಅವರ ಮುಖ ಸಣ್ಣಗಾಯಿತು. ಫೋನಿಟ್ಟು, ನಶ್ಯದ ಡಬ್ಬಿ ತೆರೆಯದೆ ಮತ್ತೆ ಜೇಬಿಗೆ ಹಾಕಿಕೊಂಡರು. ಇನ್ನು ಮುಂದೆ ಎಲ್ಲ ಬೀದಿಯವರೂ ಇವರಿಗೆ ಬಂತು, ಬಂತು ಎಂದೇ ಹೇಳುತ್ತಾರೆ, ಇವರು ಆ ಸುಳ್ಳಿನ ಮೇಲೆ ಸಾಯುವವರೆಗೂ ನಶ್ಯ ಸೇದುತ್ತಾರೆ ಎಂದು ನೆನೆದರೆ ನನಗೆ ತಡೆಯಲಾಗಲಿಲ್ಲ. ಅವರ ಮೇಲೆ ಪ್ರೀತಿ ಬಂತೆಂದಲ್ಲ. ಆ 'ಬಂತು' ಎಂಬ ಮಾತನ್ನು ನಾನೂ ದಿನವೂ ಕೇಳಿಸಿಕೊಂಡು ಸುಮ್ಮನಿರಬೇಕಲ್ಲ ಎಂದು ಹೇಸಿಗೆಯಾಯಿತು. ಸೋಮವಾರದವರೆಗೆ ಸಮಯವಿತ್ತು. ನಿಧಾನಕ್ಕೆ ಮೂಲ ಏನೆಂದು ಹುಡುಕಲು ಕುಳಿತೆ.

ಮೊದಲು ಹಳೆಯದಕ್ಕೆ ಮೆಮೊರಿ ಸಾಲದೇನೋ ಎಂದುಕೊಂಡು ಇದ್ದುದರ ಎರಡರಷ್ಟು ಕೊಟ್ಟೆ. ಆದರೆ ಪಂಕ್ತಿಭೇದ ಕೂಡದಲ್ಲ, ಆರಾಧ್ಯರ ಕಂಪ್ಯೂಟರಿಗೂ ಅಷ್ಟೇ ಬಡಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ. ಹಳೆಯ ಕಾಲದ ಸಿಸ್ಟಮ್ಮಿಗೆ ಅಷ್ಟೊಂದು ಮೆಮೊರಿ ಇರಬಹುದೆಂಬ ಕಲ್ಪನೆಯೇ ಇರಲಿಲ್ಲ. ಕೊಟ್ಟದ್ದರಲ್ಲಿ ತನಗೆ ಗೊತ್ತಿದ್ದಷ್ಟನ್ನು ಬಳಸಿ ಉಳಿದದ್ದರ ಕಡೆ ತಿರುಗಿಯೂ ನೋಡಲಿಲ್ಲ. ಪರದೆಯ ಚಿತ್ರಕ್ಕೆ ಬೇಕಾದ, ಡ್ರೈವರ್ ಎಂದೇ ಕರೆಯುವ ಪುಟ್ಟ ಪ್ರೋಗ್ರಾಮನ್ನು ಹುಡುಕಿ ಹಾಕಿದೆ. ಮರಳುಗಡಿಯಾರ ಮೊದಲಿಗಿಂತ ಅಂದವಾಗಿ ಕಂಡಿತು, ಬೇಗ ಹೋಗಲಿಲ್ಲ. ಆಮೇಲೆ ಪ್ರೊಸೆಸರು ಹೆಚ್ಚಿಸಿದೆ. ಒಂದಿದ್ದದ್ದು ಎರಡಾಯಿತು. ಆ ಕಡೆಗೂ ಎರಡು. ಅಂದು ಮುರಿಗೆಪ್ಪನವರು ಗುಂಡಿ ಒತ್ತಿ, ಸ್ನಾನ ಮಾಡಿ, ಊಟವನ್ನೂ ಮುಗಿಸಿ ಬಂದರು.

"ಏನ್ ಮಾಡಿದ್ಯಮ್ಮ ಇದಕ್ಕೆ? ಮೊದ್ಲೇ ವಾಸಿ ಇತ್ತು" ಎಂದರು.

"ಶಕ್ತಿ ಕೊಟ್ಟಿದೀನಿ ಸಾರ್."

"ವಯಸ್ಸಾದೋರಿಗೆ ಟಾನಿಕ್ ಕೊಟ್ರೆ ಹಿಂಗೇ" ಎಂದು ಕನ್ನಡಕ ಒರೆಸಿಕೊಂಡರು. ತಮ್ಮ ತಲೆಯ ಮೇಲೆ ಏನು ತೂಗುತ್ತಿದೆ ಎಂಬ ಅರಿವು ಅವರಿಗೆ ಇದ್ದ ಹಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಬಂದಾಗಲೂ ನನ್ನ ಬಳಿ ಉತ್ತರವಿರಲಿಲ್ಲ. ಹೆಚ್ಚು ಕೊಟ್ಟಷ್ಟೂ ನಿಧಾನವಾಗುವ ಯಂತ್ರವನ್ನು ನಾನು ಕಂಡಿರಲಿಲ್ಲ. ರೇಣಮ್ಮನ ಖಾಲಿ ಕೊಡಗಳು ಮೇಜಿನ ಮೇಲೆ ಇನ್ನೂ ಹಾಗೆಯೇ ಇದ್ದವು. ಕೋಪದಲ್ಲಿ, ಇಷ್ಟು ದಿನ ಮಾಡದ ಒಂದು ಕೆಲಸ ಮಾಡಿದೆ. ಹೊಸ ಕಂಪ್ಯೂಟರಿನಲ್ಲಿ ಯಾರು ಎಷ್ಟು ತಿನ್ನುತ್ತಿದ್ದಾರೆ ಎಂದು ತೋರಿಸುವ ಒಂದು ಕಿಟಕಿ ಇದೆ. ಅದನ್ನು ತೆರೆದೆ. ಬೇರೆ ಊರಿನವರಾಗಿದ್ದರೆ ಅದನ್ನೇ ಮೊದಲು ತೆರೆಯುತ್ತಿದ್ದರೆಂದು ಕಾಣುತ್ತದೆ. ನಮ್ಮಲ್ಲಿ ಪಂಕ್ತಿಯಲ್ಲಿ ಕುಳಿತವರ ಎಲೆಯನ್ನು ಇಣುಕಿ ನೋಡುವುದು ಮರ್ಯಾದಸ್ಥರ ಲಕ್ಷಣವಲ್ಲ.

ನೀರಿನ ಕಂಪ್ಯೂಟರಿನ ಎಲೆಯಲ್ಲಿ ಹೆಚ್ಚುಕಡಿಮೆ ಉಪ್ಪಿನಕಾಯಿಯಷ್ಟೇ ಇತ್ತು. ಪಕ್ಕದ್ದು, ಆರಾಧ್ಯರದು, ನಾನು ಕೊಟ್ಟದ್ದೆಲ್ಲವನ್ನೂ ತಿಂದು ಇನ್ನೂ ಕೈಚಾಚುತ್ತಿತ್ತು. ಒಳಗಿಣುಕಿದೆ. ಪ್ರತಿ ಆದೇಶವೂ ಪ್ರಿಂಟರಿಗೆ ಹೋಗಿ, ತಲುಪಿತು ಎಂಬ ಮರುಮಾತು ಬಂದ ಮೇಲೆಯೇ ಮುಗಿಯಬೇಕು. ಪ್ರಿಂಟರೇ ಇಲ್ಲದ ಮೇಲೆ ಮರುಮಾತು ಹೇಳುವವರು ಯಾರು? ಹಳೆಯ ಸಿಸ್ಟಮ್ಮಿಗೆ ಕಾದು ಕೂರುವುದು ಗೊತ್ತಿರಲಿಲ್ಲ. ಒಂಬತ್ತು ವರ್ಷಗಳ ಒಂದೊಂದು ಆದೇಶವನ್ನೂ ಎತ್ತಿಕೊಂಡು, ಉಸಿರು ತೆಗೆದುಕೊಳ್ಳದೆ, ತಲುಪಿತೇ, ತಲುಪಿತೇ, ತಲುಪಿತೇ ಎಂದು ಕೇಳುತ್ತಲೇ ಇತ್ತು. ದಿನಕ್ಕೊಂದು ಹೊಸ ಆದೇಶ ಸೇರಿದಂತೆಲ್ಲ ಅದರ ಕೇಳುವಿಕೆ ಹೆಚ್ಚುತ್ತಿತ್ತು. ನಾನು ಕೊಟ್ಟ ಹೆಚ್ಚಿನ ಶಕ್ತಿಯಿಂದ ಅದು ಇನ್ನೂ ಬೇಗಬೇಗ ಕೇಳತೊಡಗಿತ್ತು. ಕೊನೆಯ ಬೀದಿಯ ನೀರನ್ನು ಕುಡಿಯುತ್ತಿದ್ದುದು ನಾವೆಲ್ಲ ಸೇರಿ ಆರಾಧ್ಯರಿಗೆ ಕೊಟ್ಟ ಗೌರವ.

ಅದನ್ನು ಹೊರಗಿನಿಂದ ಕತ್ತು ಹಿಸುಕಿ ನಿಲ್ಲಿಸಬಹುದಿತ್ತು, ಆದರೆ ಊರಿನಲ್ಲಿ ಹಳೆಯದನ್ನು ನಿಲ್ಲಿಸಿದವರು ಯಾರೂ ಇಲ್ಲ. ಹೊಸ ಪ್ರಿಂಟರು ಸಿಕ್ಕಿಸಿದರೆ ಒಂಬತ್ತು ವರ್ಷಗಳ ಆದೇಶಗಳು ಒಮ್ಮೆಲೇ ಹೊರಬಿದ್ದು, ಎಂದೋ ಸತ್ತ ಗುಮಾಸ್ತರಿಗೆಲ್ಲ ವರ್ಗಾವಣೆಯಾಗುತ್ತಿತ್ತು. ಉಳಿದದ್ದು ಒಂದೇ ದಾರಿ. ಕಾದಿರುವ ಆದೇಶಗಳನ್ನು ಹೊರಡಿಸಿದವರೇ ತಮ್ಮ ಪಾಸ್‌ವರ್ಡ್ ಕೊಟ್ಟು ಹಿಂದಕ್ಕೆ ಪಡೆಯಬೇಕು. ಅಂದರೆ ಊರಿನಲ್ಲಿ ಇಷ್ಟು ವರ್ಷ ಯಾರೂ ಮಾಡದ್ದನ್ನು ನಾನು ಮಾಡಬೇಕು. ಹೋಗಿ ಹೇಳಬೇಕು.

ಆರಾಧ್ಯರು ಅಂದಿನ ಆದೇಶವನ್ನು ಟೈಪು ಮಾಡಿ ಮುಗಿಸಿ ಕೈಬೆರಳು ನೆಟಿಗೆ ತೆಗೆಯುತ್ತಿದ್ದರು. "ಬಾಮ್ಮ, ಏನ್ ಸಮಾಚಾರ?" ಎಂದರು. ಕೂರದೆಯೇ ಹೇಳಿಬಿಟ್ಟೆ. ಸಾರ್, ನಿಮ್ಮ ಪ್ರಿಂಟರಿಗೆ ವೈರಿಲ್ಲ. ನೀವು ಹೊರಡಿಸಿದ ಆದೇಶಗಳು ಒಂದೂ ಹೊರಗೆ ಹೋಗಿಲ್ಲ. ನೀವು ಸೋತ ಲಾಗಾಯ್ತು ಹೋಗಿಲ್ಲ.

ಅವರು ಸಿಟ್ಟಾಗುತ್ತಾರೆಂದು ಕಾದೆ. ಅವರು ಪರದೆಯನ್ನು ನೋಡಿದರು, ಕಿಟಕಿಯನ್ನು ನೋಡಿದರು. ಕಿಟಕಿಯಾಚೆ ಅಂಚೆ ಕಚೇರಿ ಕಾಣುತ್ತದೆ.

"ಆ ಬೆಂಚಿಂದೂ ಹೋಗಿಲ್ವಾ?" ಎಂದು ಕೇಳಿದರು.

"ಇಲ್ಲ ಸಾರ್."

"ಅದಕ್ಕಾ ಇನ್ನೂ ಬಿಸಿಲಲ್ಲೇ ಇರೋದು?" ಎಂದರು. ಮತ್ತೆ ಕಿಟಕಿಯ ಕಡೆ ತಿರುಗಿ, "ನಾನು ಜನಾನ ಸೋಮಾರಿಗಳು ಅಂದ್ಕೊಂಡಿದ್ದೆ. ಒಂಬತ್ತು ವರ್ಷ ಸುಮ್ ಸುಮ್ನೆ ಬೈಕೊಂಡೆನಲ್ಲಮ್ಮ ಅವರನ್ನ" ಎಂದರು.

ನನಗೆ ಅಳು ಬಂತು. ಅಳಲು ಸಮಯವಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮುರಿಗೆಪ್ಪನವರು ಮೊದಲ ಬೀದಿಯ ಹೆಸರು ಟೈಪು ಮಾಡುವ ಸದ್ದು ಕೇಳುತ್ತಿತ್ತು. ಕೊನೆಯ ಬೀದಿ, ಬಾಣಂತಿ, ನೀರು, ಕರೆಂಟು ಎಂದು ತೊದಲುತ್ತ ಎಲ್ಲವನ್ನೂ ಹೇಳಿದೆ. ಮುರಿಗೆಪ್ಪನವರನ್ನೂ ಇವತ್ತಿನಿಂದ ಗಾಳಿಗೆ ಸಿಕ್ಕಿಸುತ್ತಾರೆ ಎಂಬುದನ್ನೂ ಹೇಳಿದೆ. ಅದನ್ನು ಕೇಳಿ ಆರಾಧ್ಯರು ತಲೆಯೆತ್ತಿದರು.

"ಅವರಿಗೆ ಗೊತ್ತಾ?"

"ಇಲ್ಲ ಸಾರ್."

"ಹಂಗಾದ್ರೆ ಬೇಡ. ಏನ್ ಟೈಪ್ ಮಾಡ್ಬೇಕು ಹೇಳು" ಎಂದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ರದ್ದು ಮಾಡುವ ಜಾಗ ತೋರಿಸಿದೆ. ಅವರಿಗೆ ಬರೀ ಗುಂಡಿ ಒತ್ತುವುದು ಸರಿಕಾಣಲಿಲ್ಲ. ಪದ್ಧತಿಯಂತೆ ತಲೆಬರಹ ಹಾಕಿ, ವಿಷಯ ಎಂದು ಬರೆದು, ಟೈಪು ಮಾಡಿದರು. ಈ ಹಿಂದೆ ಹೊರಡಿಸಿದ ಎಲ್ಲ ಆದೇಶಗಳನ್ನು ಈ ಮೂಲಕ ಹಿಂಪಡೆಯಲಾಗಿದೆ, ಯಂತ್ರವು ಇನ್ನು ವಿಶ್ರಾಂತಿ ಪಡೆಯತಕ್ಕದ್ದು. ಪಾಸ್‌ವರ್ಡ್ ಹಾಕುವ ಮುನ್ನ ಬೆರಳು ತಡೆದು, "ಇದಾದ್ರೂ ಹೋಗುತ್ತೇನಮ್ಮ?" ಎಂದು ಕೇಳಿದರು.

"ಹೋಗುತ್ತೆ ಸಾರ್. ಇದಕ್ಕೆ ವೈರು ಬೇಕಿಲ್ಲ, ಒಳಗೇ ಆಗೋದು."

ಅವರು ಒತ್ತಿದರು. ಒಂಬತ್ತು ವರ್ಷಗಳಲ್ಲಿ ಜಾರಿಯಾದ ಅವರ ಮೊದಲ ಆದೇಶ ಅದು.

ಪಕ್ಕದ ಕೋಣೆಯಿಂದ "ಅಯ್ಯಯ್ಯೋ!" ಎಂಬ ಕೂಗು ಕೇಳಿಸಿತು. ಮುರಿಗೆಪ್ಪನವರು ಟೀಗೆಂದು ಅರ್ಧ ಎದ್ದವರು ಹಾಗೆಯೇ ನಿಂತಿದ್ದರು. ಅವರು ಗುಂಡಿಯಿಂದ ಬೆರಳು ತೆಗೆಯುವುದರೊಳಗೆ ವಾಲ್ವು ತೆರೆದಿತ್ತು. ಇನ್ನೊಂದು ಬೀದಿ ಟೈಪು ಮಾಡಿದರು, ಅದೂ ತೆರೆಯಿತು. ಊರಿನಲ್ಲಿ ಕೋಲಾಹಲವಾಯಿತು. ಗೌಡರ ಬೀದಿಯವರು ಕೊಡ ತೊಳೆದಿರಲಿಲ್ಲ, ನೇಕಾರರ ಬೀದಿಯಲ್ಲಿ ಹಂಡೆಗಳು ಅಟ್ಟದ ಮೇಲಿದ್ದವು, ನೀರು ಚರಂಡಿಯಲ್ಲಿ ಹರಿಯಿತು. ಹೇಳದೆ ಕೇಳದೆ ಬೇಗ ನೀರು ಬಿಟ್ಟಿದ್ದಾರೆಂದು ಫೋನಿನ ಮೇಲೆ ಫೋನು ಬಂದವು. ಮುರಿಗೆಪ್ಪನವರು ಎಲ್ಲರಿಂದಲೂ ಬೈಸಿಕೊಂಡು, ಕರೆಂಟು ಹೋಗಲು ಇನ್ನೂ ಬೇಕಾದಷ್ಟು ಹೊತ್ತಿರುವಾಗಲೇ ಕೊನೆಯ ಬೀದಿಗೆ ಬಂದರು. ಗುಂಡಿ ಒತ್ತಿ, ರೇಣಮ್ಮನ ಮನೆಗೆ ಫೋನು ಹಚ್ಚಿ, "ಬಂತೇನಮ್ಮಾ?" ಎಂದರು.

ಆ ಕಡೆಯಿಂದ ರೇಣಮ್ಮನ ದನಿ ನನಗೂ ಕೇಳಿಸಿತು. "ಬಂತಪ್ಪಾ ಬಂತು! ನನ್ ಎರಡು ಕೊಡ ಆಫೀಸಿನಾಗೇ ಐತಲ್ಲೋ, ಈಗೇನ್ ಸೆರಗ್ನಾಗೆ ಹಿಡ್ಕಳ್ಳಾ ನೀರಾ?"

ಮುರಿಗೆಪ್ಪನವರು ಫೋನಿಟ್ಟು ನಶ್ಯದ ಡಬ್ಬಿ ತೆಗೆದರು. "ನೋಡಿದ್ಯಾ ಹೇಮಾವತಿ? ಹಳೇದು ಹಳೇದೇ. ಸ್ವಲ್ಪ ತಾಳ್ಮೆ ಬೇಕು ಅಷ್ಟೆ" ಎಂದು ಸೀನಿದರು. ನನ್ನ ಕಾಗದಗಳು ಹಾರಿದವು. ನಾನು ಅವನ್ನು ಆಯ್ದುಕೊಳ್ಳಲಿಲ್ಲ, ಕೊಡಗಳನ್ನು ಎತ್ತಿಕೊಂಡು ಕೊನೆಯ ಬೀದಿಗೆ ಓಡಿದೆ.

ನಾನು ಆರಾಧ್ಯರಿಗೆ ಹೇಳಿದ್ದು ಹೇಗೋ ಊರಿಗೆ ಹರಡಿತು. ಮರುದಿನದ ಬಸ್ಸಿನಲ್ಲಿ ಬಾಬಾಜಾನ್ ಸಾಹೇಬರು ಕೆರೆಯ ತಿರುವಿಗೆ ಮುಂಚೆ ಸ್ಟೀರಿಂಗಿನಿಂದ ಮೆಲ್ಲಗೆ ಕೈ ಬಿಟ್ಟರಂತೆ. ಬಸ್ಸು ತಿರುಗಿತಂತೆ. ಅವರು ಎದ್ದು ಬಂದು ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತು, "ಈ ದಾರೀಲಿ ಇಷ್ಟೊಂದು ಹುಣಸೆ ಮರ ಇದಾವಾ!" ಎಂದರಂತೆ. ಅವರಿಗೆ ಟಿಕೆಟ್ ಕೊಡಬೇಕೇ ಬೇಡವೇ ಎಂದು ಕಂಡಕ್ಟರು ಇನ್ನೂ ಯೋಚಿಸುತ್ತಿದ್ದಾನೆ. ಕೊನೆಯ ಬೀದಿಯ ನಾಲ್ಕು ಜನ ಗಂಡಸರು ಬಂದು, ಯಾವ ಆದೇಶವೂ ಇಲ್ಲದೆ, ಕಲ್ಲುಬೆಂಚನ್ನು ಬೇವಿನ ಮರದಡಿಗೆ ಎಳೆದರು. ಆರಾಧ್ಯರು ಅಲ್ಲಿ ಕಾಲು ಚಾಚಿ ಕೂರುತ್ತಾರೆ. ಪುರಸಭೆಗೆ ಬರುವುದಿಲ್ಲ. ಅವರ ಯಂತ್ರವನ್ನು ಯಾರೂ ನಿಲ್ಲಿಸಿಲ್ಲ, ಅದು ಓಡುತ್ತಲೇ ಇದೆ, ಕೇಳುವುದನ್ನು ಮಾತ್ರ ಬಿಟ್ಟಿದೆ.

ಅಂಬುಜಮ್ಮನವರು ನನ್ನನ್ನು ಬೈಯಲಿಲ್ಲ. ಒಂದು ವಾರ ಎದುರಿಗೇ ಬರಲಿಲ್ಲ. ಆಮೇಲೊಂದು ಮಧ್ಯಾಹ್ನ, ಮುರಿಗೆಪ್ಪನವರು ಊಟಕ್ಕೆ ಹೋಗಿದ್ದಾಗ, ತಾವೇ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು. ಅದೂ ಇದೂ ಮಾತಾಡಿದರು. ತಾವು ಹೊರಡಿಸಿದ ದೀಪದ ಕಂಬದ ಆದೇಶ ಇನ್ನೂ ಜಾರಿಯಾಗಿಲ್ಲ ನೋಡಿ ಎಂದರು. ನಮ್ಮ ಜನ ನಿಧಾನ ಎಂದರು. ಆಮೇಲೆ ದನಿ ತಗ್ಗಿತು.

"ಹೇಮಾವತಿ, ನನ್ನ ವೈರು... ಸಿಕ್ಸಿದೆ ತಾನೆ?"

ನಾನು ಮೊಣಕಾಲೂರಿ ಮೇಜಿನ ಕೆಳಗೆ ಬಗ್ಗಿ, ಧೂಳಿನಲ್ಲಿ ಅವರ ಕೋಣೆಯಿಂದ ಬಂದ ವೈರನ್ನು ಹಿಡಿದು ತುದಿಯವರೆಗೂ ಹೋದೆ. ಸಿಕ್ಕಿಸಿಯೇ ಇತ್ತು. ಆದರೆ ನೋಡದೆಯೇ ಹೌದು ಎನ್ನುವ ಧೈರ್ಯ ನನಗಿರಲಿಲ್ಲ. ಅದು ಅವರಿಗೂ ಕಂಡಿತು.